ಐವತ್ತರ ಶ್ರುತಿ

ಸದಾ ಕ್ಯಾಮೆರಾದ ಹಿಂದೆ ನಿಂತು ಕೆಲಸ ಮಾಡುವವನು ನಾನು. ಈ ದಿನ ಅದರ ಮುಂದೆ ಕುಳಿತು ಮಾತನಾಡುವ ಪ್ರಸಂಗ ಬಂದಿದೆ. ಆಯ್ದುಕೊಂಡ ವಿಷಯವೂ ಮೇಲುನೋಟಕ್ಕೆ ಒಣ ವಿಷಯವೇ. ವಿದ್ಯುತ್ ಉಪಕೇಂದ್ರಗಳಲ್ಲಿ ರಿಲೇ ಎಂಬ ಸಾಧನವಿರುತ್ತದೆ. ಆ ರಿಲೇ ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷಾ ಯಂತ್ರವಿರುತ್ತದೆ. ಆ ಯಂತ್ರದಿಂದ ಹೊರಬರುವ ವಿದ್ಯುತ್ತಿನ ಫ್ರೀಕ್ವೆನ್ಸಿ, ಅಂದರೆ ಆವರ್ತಾಂಕ, ಎಷ್ಟಿರಬೇಕು ಎಂದು ನಿಗದಿ ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ. ಆ ಒಂದು ಸೆಟ್ಟಿಂಗ್ ಬಗ್ಗೆ ಒಂದು ಇಡೀ ಭಾಷಣವೇ ಎಂದು ನೀವು ನಗಬಹುದು. ನನ್ನ ಸಹೋದ್ಯೋಗಿಗಳೂ ನಕ್ಕರು. ನಗು ಮುಗಿದ ಮೇಲೆ ಸ್ವಲ್ಪ ಕೇಳಿ ನೋಡಿ ಎಂದು ಅವರಿಗೆ ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ, ಹಳ್ಳಿಗೆ ಕರೆಂಟು ಹೇಗೆ ಬರುತ್ತದೆ ಎಂಬುದನ್ನು ತೋರಿಸುವ ಕಾರ್ಯಕ್ರಮಕ್ಕಾಗಿ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ತಿರುಗಾಡಿದೆವು. ಸವಣೂರಿನಲ್ಲಿ ಒಂದು ಸಂಜೆ ಎಲೆತೋಟದ ರೈತರೊಬ್ಬರ ಮನೆಯ ಪಡಸಾಲೆಯಲ್ಲಿ ಸಂದರ್ಶನ ನಡೆಸಿದೆವು. ಗೋಡೆಯ ಮೇಲೆ ಎರಡು ಟ್ಯೂಬ್‌ಲೈಟ್, ಎದುರಿಗೆ ವೀಳ್ಯದೆಲೆಯ ಪೆಂಡಿಗಳು. ಮಾತು ಸೊಗಸಾಗಿ ಬಂತು. ರಾತ್ರಿ ವಸತಿಗೃಹಕ್ಕೆ ಬಂದು ಟೇಪು ಹಾಕಿ ನೋಡಿದರೆ ಚಿತ್ರವೆಲ್ಲ ಮಿಣುಕುತ್ತಿದೆ. ಪಡಸಾಲೆಯ ಬೆಳಕು ಉಬ್ಬಸ ಬಂದವರ ಎದೆಯ ಹಾಗೆ ಏರಿಳಿಯುತ್ತಿದೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ದೇಶದ ಟೆಲಿವಿಷನ್ ಪದ್ಧತಿ ಸೆಕೆಂಡಿಗೆ 25 ಚಿತ್ರಗಳದ್ದು, ಅಂದರೆ 50 ಅರ್ಧಚಿತ್ರಗಳದ್ದು. ನಮ್ಮ ವಿದ್ಯುತ್ತಿನ ಆವರ್ತಾಂಕವೂ 50. ಎರಡೂ ಒಂದಕ್ಕೊಂದು ಹೊಂದಿಕೊಳ್ಳಲೆಂದೇ ಹಿಂದಿನವರು ಹಾಗೆ ಮಾಡಿದ್ದರು. ಅಮೆರಿಕದಲ್ಲಿ ವಿದ್ಯುತ್ತು 60ರದ್ದು, ಅಲ್ಲಿನ ಟೆಲಿವಿಷನ್ ಕೂಡ 60ರದ್ದು. ನಮ್ಮ ಕ್ಯಾಮೆರಾವನ್ನು ಯಾವುದೋ ಕೆಲಸಕ್ಕೆ 60ಕ್ಕೆ ತಿರುಗಿಸಿದ್ದರು. ಹೊರಡುವ ಮುನ್ನ ನಾನು ಬ್ಯಾಟರಿ ನೋಡಿದೆ, ಲೆನ್ಸ್ ನೋಡಿದೆ, ಧ್ವನಿ ನೋಡಿದೆ. ಆ ಒಂದು ಅಂಕಿಯನ್ನು ನೋಡಲಿಲ್ಲ. ಅದು ಸರಿಯಾಗಿಯೇ ಇರುತ್ತದೆ ಎಂದುಕೊಂಡಿದ್ದೆ. ಮರುದಿನ ಆ ರೈತರ ಮನೆಗೆ ಮತ್ತೆ ಹೋಗಿ ತಲೆ ತಗ್ಗಿಸಿ ನಿಂತೆ. ಅವರು ನಕ್ಕು, ಮತ್ತೊಂದು ಸಲ ಚಹಾ ಕುಡಿಸಿ, ಅದೇ ಮಾತುಗಳನ್ನು ಮತ್ತೆ ಆಡಿದರು.

ನನ್ನ ತಪ್ಪಿನಿಂದ ಆದ ನಷ್ಟ ಅರ್ಧ ದಿನದ ಕೆಲಸ, ಎರಡು ಬಟ್ಟಲು ಚಹಾ. ಇದೇ ತಪ್ಪು ಬೇರೆ ಕಡೆ ನಡೆದರೆ ಏನಾಗುತ್ತದೆ ಎಂಬುದನ್ನು ಅದೇ ಪ್ರವಾಸದಲ್ಲಿ, ಮೂರು ದಿನಗಳ ನಂತರ, ಕಣ್ಣಾರೆ ಕಂಡೆ. ಅದನ್ನು ಹೇಳುವ ಮೊದಲು ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ರಿಲೇ ಎಂದರೇನು? ಐವತ್ತು ಎಂದರೇನು?

ಊರ ಹೊರಗೆ, ತಂತಿ ಬೇಲಿಯೊಳಗೆ, ಜಲ್ಲಿ ಹಾಸಿದ ಅಂಗಳದಲ್ಲಿ ಕಂಬ, ತಂತಿ, ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರುಗಳು ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಉಪಕೇಂದ್ರ. ಪಕ್ಕದ ಕಟ್ಟಡದೊಳಗೆ ಸಾಲಾಗಿ ಲೋಹದ ಕಪಾಟುಗಳಿರುತ್ತವೆ. ಅವುಗಳಲ್ಲಿ ಕೂತಿರುವ ಸಣ್ಣ ಪೆಟ್ಟಿಗೆಗಳೇ ರಿಲೇಗಳು. ಹೊರಗೆ ತಂತಿಯಲ್ಲಿ ಸಾವಿರಾರು ವೋಲ್ಟು, ನೂರಾರು ಆಂಪಿಯರ್ ಹರಿಯುತ್ತದೆ. ಅದರ ಪ್ರತಿಬಿಂಬವೆನ್ನುವಂತೆ ರಿಲೇಗೆ 110 ವೋಲ್ಟು, 1 ಅಥವಾ 5 ಆಂಪಿಯರ್ ಲೆಕ್ಕದಲ್ಲಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ತೋರಿಸುತ್ತಾರೆ. ರಿಲೇ ಅದನ್ನೇ ನೋಡುತ್ತ ಕೂತಿರುತ್ತದೆ. ತಂತಿ ಹರಿದು ಬಿದ್ದರೆ, ಗಾಳಿಗೆ ಎರಡು ತಂತಿ ತಾಗಿದರೆ, ಮರದ ಕೊಂಬೆ ಒರಗಿದರೆ, ಪ್ರತಿಬಿಂಬ ಬದಲಾಗುತ್ತದೆ. ಕೂಡಲೇ ರಿಲೇ ಬ್ರೇಕರಿಗೆ ಅಪ್ಪಣೆ ಕೊಡುತ್ತದೆ. ಬ್ರೇಕರ್ ಮಾರ್ಗವನ್ನು ಕಡಿದು ಹಾಕುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯಬೇಕು.

ರಿಲೇ ಒಬ್ಬ ರಾತ್ರಿ ಕಾವಲುಗಾರ. ಅವನಿಗೆ ವರ್ಷಗಟ್ಟಲೆ ಕೆಲಸವೇ ಬರದಿರಬಹುದು. ಆದರೆ ಬಂದ ಒಂದು ಕ್ಷಣದಲ್ಲಿ ಅವನು ಎಚ್ಚರವಿರಲೇಬೇಕು. ಎಚ್ಚರವಿದ್ದಾನೋ ಇಲ್ಲವೋ ಎಂದು ತಿಳಿಯಲು ನಿಜವಾದ ಕಳ್ಳ ಬರುವ ತನಕ ಕಾಯಲಾಗುವುದಿಲ್ಲ. ಸುಳ್ಳು ಕಳ್ಳನನ್ನು ಕಳಿಸಿ ನೋಡಬೇಕು. ಆ ಸುಳ್ಳು ಕಳ್ಳನೇ ರಿಲೇ ಪರೀಕ್ಷಾ ಯಂತ್ರ. ರಿಲೇಯನ್ನು ಹೊರಗಿನ ಮಾರ್ಗದಿಂದ ಬಿಡಿಸಿ, ಈ ಯಂತ್ರದಿಂದ ಕೃತಕವಾಗಿ ವೋಲ್ಟೇಜು, ಕರೆಂಟು ಕೊಟ್ಟು, ಅದು ಎಷ್ಟಕ್ಕೆ ಅಪ್ಪಣೆ ಕೊಟ್ಟಿತು, ಎಷ್ಟು ಮಿಲಿಸೆಕೆಂಡು ತೆಗೆದುಕೊಂಡಿತು ಎಂದು ಅಳೆಯುತ್ತಾರೆ.

ಇನ್ನು ಐವತ್ತರ ವಿಷಯ. ನಮ್ಮ ಮನೆಯ ಕರೆಂಟು ಒಂದೇ ದಿಕ್ಕಿಗೆ ಹರಿಯುವ ನೀರಲ್ಲ. ಅದು ತೊಟ್ಟಿಲ ಹಾಗೆ ಹೋಗಿ ಬರುತ್ತದೆ. ಒಂದು ಸೆಕೆಂಡಿನಲ್ಲಿ ಹೀಗೆ 50 ಸಲ ಹೋಗಿ ಬರುವುದರಿಂದ ಅದರ ಆವರ್ತಾಂಕ 50 ಹರ್ಟ್ಜ್ ಎನ್ನುತ್ತೇವೆ. ಒಂದು ಆವರ್ತಕ್ಕೆ ಹಿಡಿಯುವ ಕಾಲ 20 ಮಿಲಿಸೆಕೆಂಡು. ದೂರದ ಶರಾವತಿಯಲ್ಲಿ, ರಾಯಚೂರಿನಲ್ಲಿ, ಕೈಗಾದಲ್ಲಿ ತಿರುಗುವ ಜನರೇಟರುಗಳ ವೇಗದಿಂದ ಈ ಅಂಕಿ ಹುಟ್ಟುತ್ತದೆ. ಒಂದೇ ಜಾಲಕ್ಕೆ ಕೂಡಿಕೊಂಡ ಅವೆಲ್ಲವೂ ಒಂದೇ ಲಯದಲ್ಲಿ ತಿರುಗಲೇಬೇಕು.

ಹಾನಗಲ್ಲ ಎಂದೊಡನೆ ನಮಗೆಲ್ಲ ನೆನಪಾಗುವುದು ಗಂಗೂಬಾಯಿ ಹಾನಗಲ್ಲರ ಹೆಸರು. ಆದ್ದರಿಂದ ಸಂಗೀತದ ಭಾಷೆಯಲ್ಲೇ ಹೇಳುತ್ತೇನೆ. ಐವತ್ತು ಎಂಬುದು ಜಾಲದ ಶ್ರುತಿ. ಸಾವಿರಾರು ವಾದ್ಯಗಳು ಒಂದೇ ಶ್ರುತಿಗೆ ಕೂಡಿಕೊಂಡು ನುಡಿಯುತ್ತಿವೆ. ಬಳಕೆ ಹೆಚ್ಚಾಗಿ ಉತ್ಪಾದನೆ ಸಾಲದೆ ಬಂದರೆ ಏರು ಹತ್ತುವ ಚಕ್ಕಡಿಯ ಎತ್ತುಗಳ ಹಾಗೆ ಜನರೇಟರುಗಳು ನಿಧಾನವಾಗುತ್ತವೆ, ಶ್ರುತಿ ಇಳಿಯುತ್ತದೆ. ಬಳಕೆ ಏಕಾಏಕಿ ತಗ್ಗಿದರೆ ಶ್ರುತಿ ಏರುತ್ತದೆ.

ಈ ಶ್ರುತಿ ಎಲ್ಲ ಕಾಲಕ್ಕೂ ಐವತ್ತೇ ಆಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದು 25 ಆವರ್ತದ ವಿದ್ಯುತ್ತಾಗಿತ್ತು. ಆಗ ಹಾನಗಲ್ಲ, ಹಿರೇಕೆರೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರಿನಲ್ಲಿ ನವಾಬರ ಆಳ್ವಿಕೆ ಇತ್ತು. ಇಂದಿಗೂ ಜಪಾನಿನ ಪೂರ್ವ ಭಾಗ 50ರದ್ದು, ಪಶ್ಚಿಮ ಭಾಗ 60ರದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರು ತರಿಸಿದರು, ಒಸಾಕಾದವರು ಅಮೆರಿಕದಿಂದ ತರಿಸಿದರು. ಅಷ್ಟೇ ಕಾರಣ. ಒಮ್ಮೆ ಬಿದ್ದ ಶ್ರುತಿಯನ್ನು ಬದಲಿಸುವುದು ಸುಲಭವಲ್ಲ.

ನಮ್ಮಲ್ಲಿ ಅಂಕಿ ಐವತ್ತು ಎಂದು ನಿಂತ ಮೇಲೂ ಶ್ರುತಿ ನಿಂತಿರಲಿಲ್ಲ. 1990ರ ದಶಕದಲ್ಲಿ ದಕ್ಷಿಣ ಭಾರತದ ಜಾಲ 49ರ ಕೆಳಗೆ, ಎಷ್ಟೋ ಸಲ 48.5ರ ಕೆಳಗೂ ನಡೆದದ್ದುಂಟು. ಆವರ್ತಾಂಕವನ್ನೇ ನಂಬಿ ಓಡುವ ಗಡಿಯಾರ 49ರಲ್ಲಿ ಗಂಟೆಗೆ 72 ಸೆಕೆಂಡು ಹಿಂದೆ ಬೀಳುತ್ತದೆ. ಜಾಲದ ಲಯಕ್ಕೇ ತಿರುಗುವ ಮೋಟಾರಿನ ಗ್ರಾಮಫೋನಿನಲ್ಲಿ ಗಾಯಕರ ಷಡ್ಜವೇ ಕೆಳಗಿಳಿಯುತ್ತದೆ. ರೈತರ ಪಂಪಿನ ಲೆಕ್ಕ ಇನ್ನೂ ಕಟು. ಆವರ್ತಾಂಕ 50ರಿಂದ 48ಕ್ಕೆ ಇಳಿದರೆ ಮೋಟಾರಿನ ವೇಗ ನೂರಕ್ಕೆ 4ರಷ್ಟು ತಗ್ಗುತ್ತದೆ. ಆದರೆ ನೀರನ್ನು ಮೇಲೆತ್ತುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ನೂರಕ್ಕೆ ಸುಮಾರು 8ರಷ್ಟು ತಗ್ಗುತ್ತದೆ. ಆಳದ ಕೊಳವೆ ಬಾವಿಗೆ ಆ ಎಂಟೇ ದೊಡ್ಡದು. ಹಿರೇಕೆರೂರಿನ ಒಬ್ಬ ಹಿರಿಯ ರೈತರು, ‘ಆಗ ಕರೆಂಟ್ ಇರ್ತಿತ್ರೀ, ಅದರಾಗ ಕಸುವ ಇರ್ತಿರಲಿಲ್ಲ’ ಎಂದು ನನಗೆ ಹೇಳಿದ್ದರಲ್ಲಿ ವೋಲ್ಟೇಜಿನ ಪಾಲೂ ಇತ್ತು, ಆವರ್ತಾಂಕದ ಪಾಲೂ ಇತ್ತು.

2003ರ ಜನವರಿಯಿಂದ ದಕ್ಷಿಣದಲ್ಲಿ ಆವರ್ತಾಂಕಕ್ಕೆ ತಕ್ಕಂತೆ ವಿದ್ಯುತ್ ಮಂಡಳಿಗಳು ದರ ತೆರುವ ಪದ್ಧತಿ ಬಂದ ಮೇಲೆ ಶಿಸ್ತು ಬಂತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಕೂಡಿಕೊಂಡಿತು. ಅಲ್ಲಿಯವರೆಗೆ ಎರಡರ ಶ್ರುತಿ ಬೇರೆ ಬೇರೆ. ನೇರ ವಿದ್ಯುತ್ತಿನ ಕೊಂಡಿಗಳಲ್ಲಿ ಮಾತ್ರ ಕೊಡುಕೊಳ್ಳುವಿಕೆ ನಡೆಯುತ್ತಿತ್ತು. ನೇರ ವಿದ್ಯುತ್ತಿಗೆ ಶ್ರುತಿಯ ಹಂಗಿಲ್ಲ. ಇಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಶ್ರುತಿ. ಅದು 49.90ರಿಂದ 50.05ರೊಳಗೆ ಇರಬೇಕೆಂಬುದು ಈಗಿನ ನಿಯಮ.

ಈಗ ಪರೀಕ್ಷಾ ಯಂತ್ರಕ್ಕೆ ಬರೋಣ. ಹಳೆಯ ಕಾಲದ ಯಂತ್ರಗಳಲ್ಲಿ ಆವರ್ತಾಂಕದ ಗುಂಡಿಯೇ ಇರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಕರೆಂಟು ತೆಗೆದುಕೊಂಡು, ವೇರಿಯಾಕ್ ಎಂಬ ತಿರುಗುವ ಟ್ರಾನ್ಸ್‌ಫಾರ್ಮರಿನಿಂದ ಹೆಚ್ಚು ಕಡಿಮೆ ಮಾಡಿ ರಿಲೇಗೆ ಕೊಡುತ್ತಿದ್ದರು. ಗೋಡೆಯಲ್ಲಿ ಎಷ್ಟಿತ್ತೋ ರಿಲೇಗೂ ಅಷ್ಟೇ. ಜಾಲ 48.3ರಲ್ಲಿ ನಡೆಯುತ್ತಿದ್ದ ದಿನ ಪರೀಕ್ಷೆ ಮಾಡಿದರೆ, ಆ ಪರೀಕ್ಷೆ 48.3ರದ್ದೇ. ತಟ್ಟೆ ತಿರುಗುವ ಹಳೆಯ ರಿಲೇಗಳ ಕಾಲ ಆವರ್ತಾಂಕದೊಡನೆ ಸ್ವಲ್ಪ ಬದಲಾಗುವುದರಿಂದ, ಬಲ್ಲ ಇಂಜಿನಿಯರುಗಳು ಪರೀಕ್ಷಾ ವರದಿಯ ಮೂಲೆಯಲ್ಲಿ ಆ ದಿನದ ಆವರ್ತಾಂಕವನ್ನೂ ಬರೆದಿಡುತ್ತಿದ್ದರು. ಬಡತನದಲ್ಲಿ ಕಲಿತ ಒಳ್ಳೆಯ ಅಭ್ಯಾಸ ಅದು.

ಇಂದಿನ ಯಂತ್ರ ಬೇರೆ. ಅದರೊಳಗೆ ಒಂದು ಸ್ಫಟಿಕ ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುತ್ತದೆ. ಆ ಕಂಪನವನ್ನು ಲೆಕ್ಕ ಹಾಕಿ, ಬೇಕಾದ ಆವರ್ತಾಂಕದ ಅಲೆಯನ್ನು ಅಂಕಿಗಳಿಂದಲೇ ಕಟ್ಟಿ, ವರ್ಧಕದಿಂದ ಹಿಗ್ಗಿಸಿ ಹೊರಗೆ ಕೊಡುತ್ತಾರೆ. ಗೋಡೆಯಲ್ಲಿ ಏನೇ ಇರಲಿ, ಯಂತ್ರ 50 ಎಂದರೆ 50. 49.2 ಎಂದರೆ 49.2. ಟ್ರಾನ್ಸ್‌ಫಾರ್ಮರ್ ರಕ್ಷಣೆಯ ಪರೀಕ್ಷೆಗೆ ಬೇಕಾದ 100 ಎಂದರೆ 100. ಮೂರು ವೋಲ್ಟೇಜು, ಮೂರು ಕರೆಂಟು, ಪ್ರತಿಯೊಂದಕ್ಕೂ ಬೇರೆ ಬೇರೆ ಆವರ್ತಾಂಕವನ್ನು ಕೂಡ ಕೊಡಬಹುದು. ಯಂತ್ರ ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದು ಸರಿಯೇ ಎಂದು ಕೇಳುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಮೂರು ದಿನದ ನಂತರದ ಕಥೆಗೆ ಬರುತ್ತೇನೆ. ಉಪಕೇಂದ್ರ ಯಾವುದು, ಪರೀಕ್ಷೆಗೆ ಬಂದ ತಂಡ ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಒಂದು 110 ಕಿಲೋವೋಲ್ಟ್ ಮಾರ್ಗದ ದೂರ ರಿಲೇಯನ್ನು ಪರೀಕ್ಷೆ ಮಾಡುವುದನ್ನು ನಾವು ಚಿತ್ರೀಕರಿಸುತ್ತಿದ್ದೆವು. ದೂರ ರಿಲೇ ಎಂದರೆ, ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ, ದೋಷ ಎಷ್ಟು ದೂರದಲ್ಲಿ ಆಗಿದೆ ಎಂದು ಅಂದಾಜು ಮಾಡುವ ರಿಲೇ. ಭಾಗಲಬ್ಧ ಕಡಿಮೆ ಬಂದರೆ ದೋಷ ಹತ್ತಿರ, ಹೆಚ್ಚು ಬಂದರೆ ದೂರ. ಆ ರಿಲೇ ತಕ್ಷಣ ಕೆಲಸ ಮಾಡಬೇಕಾದ ಮಿತಿಯನ್ನು 10 ಓಮ್‌ಗೆ ಇಟ್ಟಿದ್ದರು ಎಂದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಅದು ಸುಮಾರು 12 ಓಮ್‌ವರೆಗೂ ಅಪ್ಪಣೆ ಕೊಡುತ್ತಿತ್ತು. ಅಂದರೆ ತನ್ನ ಹೊಲದ ಬದುವನ್ನು ದಾಟಿ ಪಕ್ಕದವರ ಹೊಲಕ್ಕೂ ಕಾವಲು ಕಾಯುತ್ತಿತ್ತು. ಯುವ ಇಂಜಿನಿಯರಿಗೆ ಸಂತೋಷವೇ ಆಯಿತು. ದೋಷ ಸಿಕ್ಕಿತು, ಮಿತಿಯನ್ನು ಇಳಿಸಿಬಿಡೋಣ ಎಂದರು.

ಮೂಲೆಯಲ್ಲಿ ನಿಂತಿದ್ದ ಹಿರಿಯ ತಂತ್ರಜ್ಞರೊಬ್ಬರು ರಿಲೇಯ ಸಣ್ಣ ಪರದೆಯನ್ನು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ‘ಅಲ್ರೀ ಸಾಹೇಬ್ರ, ಇದು ನಮ್ಮ ಊರ ಕರೆಂಟ್ ಅಲ್ರಿ’ ಎಂದರು. ಪರದೆಯ ಮೇಲೆ ರಿಲೇ ತಾನು ಕಾಣುತ್ತಿರುವ ಆವರ್ತಾಂಕವನ್ನು ತೋರಿಸುತ್ತಿತ್ತು: 60.00.

ಯಂತ್ರವನ್ನು ಯಾರೋ ಬೇರೆ ಕೆಲಸಕ್ಕೆ 60ಕ್ಕೆ ಇಟ್ಟು, ಹಾಗೆಯೇ ಮುಚ್ಚಿ ಕಳಿಸಿದ್ದರು. ನನ್ನ ಕ್ಯಾಮೆರಾದ್ದೇ ಕಥೆ. 50ಕ್ಕೆ ತಿರುಗಿಸಿ ಮತ್ತೆ ನೋಡಿದರೆ ರಿಲೇ ಸರಿಯಾಗಿ 10ಕ್ಕೇ ಕೆಲಸ ಮಾಡಿತು. ತಪ್ಪು ಕಾವಲುಗಾರನದಲ್ಲ, ಸುಳ್ಳು ಕಳ್ಳನದು.

ಹೀಗೇಕಾಗುತ್ತದೆ ಎಂಬುದು ಪಿ.ಯು.ಸಿ. ಭೌತಶಾಸ್ತ್ರದಲ್ಲೇ ಇದೆ. ತಂತಿಯ ಪ್ರತಿರೋಧದಲ್ಲಿ ದೊಡ್ಡ ಪಾಲು ಪ್ರೇರಕದ್ದು, ಮತ್ತು ಅದು ಆವರ್ತಾಂಕಕ್ಕೆ ಅನುಗುಣವಾಗಿ ಏರುತ್ತದೆ. 60 ಎಂಬುದು 50ಕ್ಕಿಂತ ಐದನೇ ಒಂದು ಪಾಲು ಹೆಚ್ಚು. ತಂತಿಯ ಪ್ರತಿರೂಪವನ್ನು ತನ್ನೊಳಗೆ ಇಟ್ಟುಕೊಂಡು ಅಳೆಯುವ ಬಗೆಯ ದೂರ ರಿಲೇಗಳಲ್ಲಿ ಅಳತೆಯೂ ಸುಮಾರು ಅಷ್ಟೇ ತಪ್ಪುತ್ತದೆ.

ಈಗ ಆ ಹಿರಿಯರು ಬಗ್ಗಿ ನೋಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ. ಉದಾಹರಣೆಗೆ ಮಾರ್ಗದ ಉದ್ದ 30 ಕಿಲೋಮೀಟರ್ ಇರಲಿ. ಅದರಲ್ಲಿ ನೂರಕ್ಕೆ 80, ಅಂದರೆ 24 ಕಿಲೋಮೀಟರ್ ದೂರದವರೆಗೆ ರಿಲೇ ತಕ್ಷಣ ಕೆಲಸ ಮಾಡುವಂತೆ ಇಡುವುದು ವಾಡಿಕೆ. 60ರ ಪರೀಕ್ಷೆಯನ್ನು ನಂಬಿ ಮಿತಿ ಇಳಿಸಿದ್ದರೆ ಅದು 20 ಕಿಲೋಮೀಟರಿಗೆ ಬಂದು ನಿಲ್ಲುತ್ತಿತ್ತು. ವರದಿಯಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ ಎಂದು ಬರೆದಿರುತ್ತಿತ್ತು, ಸಹಿಯೂ ಬಿದ್ದಿರುತ್ತಿತ್ತು. ನಡುವಿನ ಆ 4 ಕಿಲೋಮೀಟರ್‌ನಲ್ಲಿ ದೋಷವಾದರೆ ರಿಲೇ ತಕ್ಷಣ ಕಡಿಯದೆ, ಎರಡನೆಯ ಹಂತದ ಪಾಳಿಗಾಗಿ ಅರ್ಧ ಸೆಕೆಂಡಿನ ಹತ್ತಿರ ಕಾಯುತ್ತಿತ್ತು. ಅರ್ಧ ಸೆಕೆಂಡು ಎಂದರೆ 25 ಆವರ್ತ. ತಂತಿ ಸುಡಲು, ಟ್ರಾನ್ಸ್‌ಫಾರ್ಮರಿಗೆ ಪೆಟ್ಟು ಬೀಳಲು, ಕೆಳಗಿದ್ದವರಿಗೆ ಅಪಾಯ ಹೆಚ್ಚಲು ಅದು ಸಾಕಷ್ಟು ಕಾಲ. ಸರಿ ಇದ್ದ ಕಾವಲುಗಾರನನ್ನು, ಪರೀಕ್ಷೆ ಮಾಡಿ, ನಾವೇ ಕೆಡಿಸಿದಂತಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ರಿಲೇ ಎಷ್ಟೇ ಸರಿಯಿದ್ದರೂ, ಒಣ ನೆಲದ ಮೇಲೆ ಹರಿದು ಬಿದ್ದ ತಂತಿಯಿಂದ ಭೂಮಿಗೆ ಇಳಿಯುವ ಕರೆಂಟು ಕೆಲವೊಮ್ಮೆ ಬಹಳ ಕಡಿಮೆ ಇರುತ್ತದೆ. ಅದು ರಿಲೇಯ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಬಿದ್ದ ತಂತಿ ಸತ್ತಿದೆ ಎಂದು ಎಂದೂ ಭಾವಿಸಬೇಡಿ. ದನಕರುಗಳನ್ನೂ ಮಕ್ಕಳನ್ನೂ ದೂರವಿಟ್ಟು, ಉಪಕೇಂದ್ರಕ್ಕೆ ಅಥವಾ ಲೈನ್‌ಮನ್‌ಗೆ ಸುದ್ದಿ ಮುಟ್ಟಿಸಿ.

ಆವರ್ತಾಂಕವೇ ಮುಖ್ಯ ವಿಷಯವಾಗಿರುವ ಇನ್ನೊಂದು ಬಗೆಯ ರಿಲೇ ಇದೆ. ಅದು ನಿಮ್ಮ ಊರಿನ ದೀಪಕ್ಕೆ ನೇರವಾಗಿ ಸಂಬಂಧಪಟ್ಟದ್ದು. ದೇಶದ ಯಾವುದೋ ಮೂಲೆಯಲ್ಲಿ ಒಂದು ದೊಡ್ಡ ಉತ್ಪಾದನಾ ಕೇಂದ್ರ ಥಟ್ಟನೆ ನಿಂತುಹೋದರೆ ಜಾಲದ ಶ್ರುತಿ ಕುಸಿಯುತ್ತದೆ. ಹಾಗೆಯೇ ಬಿಟ್ಟರೆ ಉಳಿದ ಕೇಂದ್ರಗಳೂ ಒಂದೊಂದಾಗಿ ಕಳಚಿಕೊಂಡು ಇಡೀ ಜಾಲ ಕತ್ತಲಾಗುತ್ತದೆ. ಅದನ್ನು ತಡೆಯಲು ಕೆಲವು ಮಾರ್ಗಗಳನ್ನು ಯಾರ ಅಪ್ಪಣೆಗೂ ಕಾಯದೆ ಕಡಿದುಬಿಡುವ ರಿಲೇಗಳನ್ನು ಇಟ್ಟಿರುತ್ತಾರೆ. 49.4ರಲ್ಲಿ ಮೊದಲ ಗುಂಪು, 49.2ರಲ್ಲಿ ಎರಡನೆಯದು, 49.0ರಲ್ಲಿ ಮೂರನೆಯದು, 48.8ರಲ್ಲಿ ಮುಂದಿನದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಕೆಲವರ ದೀಪ ಆರಿಸಿ ಎಲ್ಲರ ದೀಪ ಉಳಿಸುವ ಉಪಾಯ ಇದು.

2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳು ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತದ್ದು ನಿಮಗೆ ನೆನಪಿರಬಹುದು. ಆಗ ದಕ್ಷಿಣ ಬೇರೆ ಶ್ರುತಿಯಲ್ಲಿದ್ದುದರಿಂದ ನಾವು ಉಳಿದುಕೊಂಡೆವು. ಇಂತಹ ಆವರ್ತಾಂಕದ ರಿಲೇಗಳು ಕಾಗದದ ಮೇಲಲ್ಲದೆ ನಿಜವಾಗಿ ಕೆಲಸ ಮಾಡುವಂತೆ ನೋಡಿಕೊಳ್ಳಬೇಕು ಎಂಬುದು ಆ ಘಟನೆಯ ವಿಚಾರಣೆಯಿಂದ ಹೊರಬಂದ ಪಾಠಗಳಲ್ಲೊಂದು. ಈಗ ನಾವೂ ಅದೇ ದೊಡ್ಡ ಜಾಲದಲ್ಲಿದ್ದೇವೆ. ಆ ಪಾಠ ಹಾವೇರಿ ಜಿಲ್ಲೆಗೂ ಅನ್ವಯಿಸುತ್ತದೆ.

ಈ ಮೆಟ್ಟಿಲುಗಳ ನಡುವಿನ ಅಂತರ 0.2 ಹರ್ಟ್ಜ್ ಮಾತ್ರ ಎಂಬುದನ್ನು ಗಮನಿಸಿ. ರಿಲೇ ಅಷ್ಟು ತಪ್ಪಿದರೆ, ಎರಡನೆಯ ಸಾಲಿನಲ್ಲಿ ನಿಲ್ಲಬೇಕಾದ ಊರು ಮೊದಲ ಸಾಲಿಗೆ ಬರುತ್ತದೆ. ಶಿಗ್ಗಾಂವಿಯ ಹಿಟ್ಟಿನ ಗಿರಣಿ, ಹಾನಗಲ್ಲಿನ ಭತ್ತಕ್ಕೆ ನೀರೆತ್ತುವ ಪಂಪು, ಪರೀಕ್ಷೆಗೆ ಓದುತ್ತಿರುವ ಹುಡುಗಿಯ ದೀಪ, ಇವುಗಳಲ್ಲಿ ಯಾವುದು ಮೊದಲು ಆರಬೇಕು ಎಂದು ರಿಲೇಗೆ ತಿಳಿಯದು. ಅದಕ್ಕೆ ತಿಳಿದಿರುವುದು ಒಂದೇ ಅಂಕಿ. ಆ ಅಂಕಿ ನ್ಯಾಯವಾಗಿರಬೇಕಾದರೆ ಪರೀಕ್ಷಾ ಯಂತ್ರ ಹೇಳುವ 49.2 ನಿಜವಾಗಿಯೂ 49.2 ಆಗಿರಬೇಕು.

ಪರೀಕ್ಷೆ ಮಾಡುವ ರೀತಿಯಲ್ಲೂ ಒಂದು ಗುಟ್ಟಿದೆ. ಆವರ್ತಾಂಕವನ್ನು 50ರಿಂದ ಕೆಳಗಿಳಿಸುತ್ತ ಹೋಗಿ, ರಿಲೇ ಯಾವಾಗ ಕೆಲಸ ಮಾಡಿತು ಎಂದು ನೋಡಬೇಕು. ಅವಸರ ಮಾಡಿ ಸೆಕೆಂಡಿಗೆ 1 ಹರ್ಟ್ಜ್ ವೇಗದಲ್ಲಿ ಇಳಿಸಿದರೆ, ರಿಲೇ 49.2ನ್ನು ಗುರುತಿಸಿ ಅಪ್ಪಣೆ ಕೊಡಲು 150 ಮಿಲಿಸೆಕೆಂಡು ತೆಗೆದುಕೊಳ್ಳುವಷ್ಟರಲ್ಲಿ ಯಂತ್ರ 49.05ಕ್ಕೆ ಇಳಿದಿರುತ್ತದೆ. ವರದಿಯಲ್ಲಿ 49.05 ಎಂದು ಬೀಳುತ್ತದೆ. ರಿಲೇ ತಪ್ಪಿಲ್ಲ, ಕೈ ಅವಸರದ್ದು. ಸಣ್ಣ ಸಣ್ಣ ಹೆಜ್ಜೆಯಲ್ಲಿ, ಪ್ರತಿ ಹೆಜ್ಜೆಯಲ್ಲೂ ರಿಲೇಗೆ ಬೇಕಾದಷ್ಟು ಹೊತ್ತು ನಿಂತು ಇಳಿಯಬೇಕು. ವೋಲ್ಟೇಜನ್ನೂ ಪೂರ್ತಿ ಕೊಟ್ಟಿರಬೇಕು. ವೋಲ್ಟೇಜು ತೀರ ಕಡಿಮೆಯಿದ್ದರೆ ಇಂತಹ ರಿಲೇಗಳು ಬೇಕೆಂದೇ ಕಣ್ಣು ಮುಚ್ಚಿಕೊಳ್ಳುತ್ತವೆ. ಅದನ್ನು ತಿಳಿಯದವರು ರಿಲೇ ಸತ್ತಿದೆ ಎಂದು ಬರೆದುಬಿಡುತ್ತಾರೆ.

ಇನ್ನೊಂದು ಎಡವಟ್ಟು ನೋಡಿ. ವೋಲ್ಟೇಜಿನ ಆವರ್ತಾಂಕ 50 ಇದ್ದು, ಕರೆಂಟಿನದು 50.1 ಆಗಿದೆ ಎನ್ನಿ. ಎರಡು ತಂಬೂರಿ ಕೂದಲೆಳೆಯಷ್ಟು ತಪ್ಪಿದಂತೆ. ಎರಡರ ನಡುವಿನ ಕೋನ ಸೆಕೆಂಡಿಗೆ 36 ಡಿಗ್ರಿ ಜಾರುತ್ತದೆ, 10 ಸೆಕೆಂಡಿಗೊಮ್ಮೆ ಪೂರ್ತಿ ಸುತ್ತು ಬರುತ್ತದೆ. ದಿಕ್ಕು ನೋಡಿ ಕೆಲಸ ಮಾಡುವ ರಿಲೇಗೆ ದೋಷ ಒಮ್ಮೆ ಮುಂದೆ, ಒಮ್ಮೆ ಹಿಂದೆ ಇದ್ದಂತೆ ಕಾಣುತ್ತದೆ. ರಿಲೇಗೆ ಹುಚ್ಚು ಹಿಡಿದಿದೆ ಎಂದು ಪರೀಕ್ಷಕರು ತಿಳಿಯುತ್ತಾರೆ. ಎರಡು ಜಾಲಗಳನ್ನು ಕೂಡಿಸುವ ಮುನ್ನ ನೋಡುವ ರಿಲೇಯ ಪರೀಕ್ಷೆಗೆ ಮಾತ್ರ ಹೀಗೆ ಬೇಕೆಂದೇ ಶ್ರುತಿ ತಪ್ಪಿಸಬೇಕಾಗುತ್ತದೆ. ಯಾವಾಗ ತಪ್ಪಿಸಬೇಕು, ಯಾವಾಗ ಕೂಡಿಸಬೇಕು ಎಂಬುದು ಮಾಡುವವರಿಗೆ ತಿಳಿದಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ಆ ಹಿರಿಯ ತಂತ್ರಜ್ಞರನ್ನು ಚಹಾದ ಅಂಗಡಿಯಲ್ಲಿ ಕೂರಿಸಿಕೊಂಡು ಕೇಳಿದೆ. ಅವರು ಬೆರಳು ಮಡಚಿ ನಾಲ್ಕು ಮಾತು ಹೇಳಿದರು. ಯಂತ್ರ ಹಚ್ಚಿದ ಕೂಡಲೇ ಮೊದಲು ಆವರ್ತಾಂಕ ನೋಡಬೇಕು, ವೋಲ್ಟೇಜು ಆಮೇಲೆ. ರಿಲೇಯೊಳಗೂ 50 ಅಥವಾ 60 ಎಂಬ ಸೆಟ್ಟಿಂಗ್ ಇರುತ್ತದೆ, ಅದನ್ನೂ ನೋಡಿ ಎರಡನ್ನೂ ಕೂಡಿಸಬೇಕು. ಯಂತ್ರ ಹೇಳಿದ್ದನ್ನು ನಂಬದೆ, ರಿಲೇಯ ಪರದೆಯಲ್ಲೋ ಬೇರೆ ಮೀಟರಿನಲ್ಲೋ ಅದು ನಿಜವೇ ಎಂದು ತಾಳೆ ನೋಡಬೇಕು. ಕೊನೆಗೆ, ನೋಡಿದ ಅಂಕಿಯನ್ನು ವರದಿಯಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ಯಂತ್ರವನ್ನು 50ಕ್ಕೆ ತಂದು ಮುಚ್ಚುವುದು ಮುಂದಿನವರಿಗೆ ಮಾಡುವ ಉಪಕಾರ ಎಂದೂ ಸೇರಿಸಿದರು. ಯಂತ್ರಕ್ಕೂ ಕಾಲಕಾಲಕ್ಕೆ ಪರೀಕ್ಷೆ ಬೇಕು. ಅದಕ್ಕೆಂದೇ ಬೆಂಗಳೂರಿನಲ್ಲಿ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯಗಳಿವೆ.

ಬೀಳ್ಕೊಡುವಾಗ ಅವರನ್ನು ಇನ್ನೊಂದು ಮಾತು ಕೇಳಿದೆ. ಅಷ್ಟು ಜನರಲ್ಲಿ ನಿಮಗೊಬ್ಬರಿಗೆ ಅದು ಹೇಗೆ ಹೊಳೆಯಿತು? ಅವರು, ‘ರಿಲೇ ಕೆಟ್ಟಿದೆ ಅಂತ ಬರೆಯೋ ಮೊದಲು ನನ್ನ ಕೈ ಕೆಟ್ಟಿಲ್ಲ ಅಂತ ನೋಡ್ಕೋತೀನ್ರಿ’ ಎಂದು ಹೇಳಿ, ಸೈಕಲ್ ಹತ್ತಿ ಹೋದರು.

ಬಂಧುಗಳೇ, ಹಾಡುವವರು ಮೊದಲು ತಂಬೂರಿಯನ್ನು ಶ್ರುತಿ ಮಾಡಿಕೊಳ್ಳುತ್ತಾರೆ. ಸಭಿಕರಿಗೆ ಅದು ಬೇಸರದ ಹೊತ್ತು. ಆದರೆ ತಂಬೂರಿಯೇ ತಪ್ಪಿದ್ದರೆ ಸರಿಯಾಗಿ ಹಾಡಿದವರೂ ಅಪಸ್ವರವೆನಿಸಿಕೊಳ್ಳುತ್ತಾರೆ. ಅಳೆಯುವ ಕೈಗೂ ಅದೇ ಮಾತು. ಶಾಲೆಯಲ್ಲಿ ಅಂಕ ಹಾಕುವ ಗುರುಗಳಿಗೆ, ಸಂತೆಯಲ್ಲಿ ತಕ್ಕಡಿ ಹಿಡಿಯುವವರಿಗೆ, ಕ್ಯಾಮೆರಾ ಹಿಡಿದು ಊರೂರು ತಿರುಗುವ ನನ್ನಂಥವರಿಗೂ ಅದು ಸಲ್ಲುತ್ತದೆ. ಅಂದಿನಿಂದ ನಾನು ಲೆನ್ಸಿನ ಮುಚ್ಚಳ ತೆಗೆಯುವ ಮೊದಲು ಆ ಒಂದು ಅಂಕಿಯನ್ನು ನೋಡುತ್ತೇನೆ. ಸವಣೂರಿನ ಆ ಮನೆಗೆ ಮೂರನೆಯ ಸಲ ಅದೇ ಕೆಲಸಕ್ಕೆ ಹೋಗಿ ಚಹಾ ಕುಡಿಯುವ ಧೈರ್ಯ ನನಗಿಲ್ಲ.